ಸ್ಮೋಕ್ ಅಲಾರಂ ಹಾಕಿಸಿದರೆ ಮನೆ ಕಂದಾಯದಲ್ಲಿ ರಿಯಾಯಿತಿ: ಗಂಟು ಬಿದ್ದಿರುವುದು ಎಲ್ಲಿ?

ಹೊಗೆ ಎದ್ದೊಡನೆ ಕೂಗುವ ಸ್ಮೋಕ್ ಅಲಾರಂ ಅನ್ನು ಮನೆಗೆ ಹಾಕಿಸಿಕೊಂಡವರಿಗೆ ತೆರಿಗೆಯಲ್ಲಿ ಒಂದಿಷ್ಟು ಬಿಡಬೇಕು ಎಂದರೆ ಯಾರೂ ಬೇಡವೆನ್ನುವುದಿಲ್ಲ. ಯಾವ ತೆರಿಗೆ, ಬಿಡಬೇಕಾದವರು ಯಾರು ಎಂದು ಕೇಳಿದಾಗಲೇ ತೊಡಕು. ಆದಾಯ ತೆರಿಗೆ ಕೇಂದ್ರದ್ದು, ಮನೆ ಕಂದಾಯ ನಗರಸಭೆಯದ್ದು, ಬೆಂಕಿ ಆರಿಸಲು ಬರುವ ಗಾಡಿ ರಾಜ್ಯದ್ದು.

ಬ್ಯಾಟರಿಯಿಂದ ನಡೆಯುವ ಮನೆಬಳಕೆಯ ಅಲಾರಂ 1960ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡಿತು. ಜಪಾನ್ 2006ರಲ್ಲಿ ಹೊಸ ಮನೆಗಳಿಗೆ, 2011ರ ಹೊತ್ತಿಗೆ ಹಳೆಯ ಮನೆಗಳಿಗೂ ಅದನ್ನು ಕಡ್ಡಾಯ ಮಾಡಿತು. ಸ್ಕಾಟ್ಲೆಂಡ್ 2022ರಲ್ಲಿ ಅದೇ ದಾರಿ ಹಿಡಿಯಿತು. ತೆರಿಗೆ ರಿಯಾಯಿತಿಯ ಆಸೆ ತೋರಿಸಿದವರು ಕಡಿಮೆ.

ನಮ್ಮಲ್ಲಿ 1970ರ ರಾಷ್ಟ್ರೀಯ ಕಟ್ಟಡ ಸಂಹಿತೆಯಿಂದ 2016ರ ಪರಿಷ್ಕರಣೆಯವರೆಗೂ ಬೆಂಕಿಯ ವಿಚಾರದಲ್ಲಿ ಒತ್ತು ಬಿದ್ದದ್ದು ಎತ್ತರದ ಕಟ್ಟಡ, ಆಸ್ಪತ್ರೆ, ಹೋಟೆಲುಗಳ ಮೇಲೆ. ಸಂವಿಧಾನದ 74ನೇ ತಿದ್ದುಪಡಿ ಅಗ್ನಿಶಾಮಕ ಸೇವೆಯನ್ನು ನಗರಾಡಳಿತಕ್ಕೆ ವಹಿಸಬಹುದಾದ ಕೆಲಸಗಳ ಪಟ್ಟಿಗೆ ಸೇರಿಸಿತು. ಕರ್ನಾಟಕದಲ್ಲಿ ಮಾತ್ರ ಅದು 1964ರ ಕಾಯ್ದೆಯಡಿ ರಾಜ್ಯದ ಇಲಾಖೆಯ ಕೈಯಲ್ಲೇ ಇದೆ. ಹಾಗಾಗಿ ಕಂದಾಯ ಬಿಟ್ಟು ಕೈ ಸುಟ್ಟುಕೊಳ್ಳುವುದು ನಗರಸಭೆ, ಅವಘಡ ತಪ್ಪಿದರೆ ಹೊರೆ ಇಳಿಯುವುದು ಇನ್ನೊಂದು ಇಲಾಖೆಗೆ. ಇದು ಸರಿಹೋಗದೆ ರಿಯಾಯಿತಿಯ ಮಾತು ಮುಂದೆ ಹೋಗುವುದು ಕಷ್ಟ.

ರಿಯಾಯಿತಿ ಕೊಡುವ ಅಭ್ಯಾಸವೇ ನಮಗಿಲ್ಲ ಎನ್ನುವಂತಿಲ್ಲ. ಏಪ್ರಿಲ್‌ನಲ್ಲೇ ಕಂದಾಯ ಕಟ್ಟಿದವರಿಗೆ ಶೇ 5 ಬಿಡುತ್ತಾರೆ. ಸೋಲಾರ್ ವಾಟರ್ ಹೀಟರ್ ಇದ್ದ ಮನೆಗೆ ಕರೆಂಟ್ ಬಿಲ್ಲಿನಲ್ಲಿ ಯೂನಿಟ್‌ಗೆ 50 ಪೈಸೆಯಂತೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ಕಡಿತ ಕೊಟ್ಟದ್ದುಂಟು. ಅದೇ ಕಂದಾಯದ ರಸೀದಿಯಲ್ಲಿ ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಉಪಕರಗಳಿಗೂ ಜಾಗವಿದೆ. ಜೀವ ಉಳಿಸುವ ಒಂದು ಡಬ್ಬಿಗೆ ಅಲ್ಲೊಂದು ಸಾಲು ಸೇರಿಸಿದರೆ ಅದೇನೂ ಅತಿಯಾಗದು.

ಆದರೆ ಆ ಸಾಲನ್ನು ಬರೆಯುವವರು ಮೊದಲು ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಒಂದು ಮನೆಯೊಳಗೆ ಹೋಗಿ ನಿಲ್ಲಬೇಕು. ಮುಂದಿನ ಕೋಣೆಯಲ್ಲಿ ಒಲೆ, ಒಲೆಗೆ ಸೌದೆ, ಮೇಲೆ ಕುದಿನೀರಲ್ಲಿ ತಿರುಗುವ ಗೂಡು. ಬೆಳಗಾದರೆ ಹಬೆಯೂ ಹೊಗೆಯೂ ಸೂರಿನವರೆಗೆ ತುಂಬಿರುತ್ತವೆ. ಗೋಡೆಯಾಚೆಗೆ ಮಕ್ಕಳು ಮಲಗುವ ಕೋಣೆ. ಬೆಳಕಿನ ಕಿರಣದಿಂದ ಹೊಗೆ ಹಿಡಿಯುವ ಅಲಾರಂಗೆ ದಟ್ಟ ಹಬೆಯೂ ಹೊಗೆಯಂತೆಯೇ ಕಾಣುತ್ತದೆ. ಒಲೆಯ ಮೇಲೆ ಅದನ್ನು ತೂಗುಹಾಕಿದರೆ ಕೆಲಸದ ಹೊತ್ತೆಲ್ಲ ಕಿರುಚುತ್ತದೆ, ಬೇಸತ್ತವರು ಬ್ಯಾಟರಿ ತೆಗೆದಿಡುತ್ತಾರೆ. ಅಲ್ಲಿಗೆ ಬೇಕಾದದ್ದು ಶಾಖಕ್ಕೆ ಮಾತ್ರ ಕೂಗುವ ಹೀಟ್ ಅಲಾರಂ. ಹೊಗೆಯದು ಮಲಗುವ ಕೋಣೆಗೆ, ಒಂದು ಕೂಗಿದರೆ ಇನ್ನೊಂದೂ ಕೂಗುವಂತೆ ಎರಡಕ್ಕೂ ಒಂದೇ ತಂತಿಯ ಸಂಪರ್ಕ. ಒಣಮೆಣಸಿನಕಾಯಿ ಒಗ್ಗರಣೆಯ ಘಾಟು ಏಳುವ ನಮ್ಮ ಯಾವ ಅಡುಗೆಮನೆಗೂ ಇದೇ ಲೆಕ್ಕ. ಬೇರೆ ದೇಶದ ನಿಯಮವನ್ನು ಹಾಗೇ ಎತ್ತಿಕೊಂಡು ಬಂದರೆ ಈ ಮನೆಗಳು ರಿಯಾಯಿತಿ ಪಡೆದೂ ಅಪಾಯದಲ್ಲೇ ಉಳಿಯುತ್ತವೆ.

ಆದಾಯ ತೆರಿಗೆಯ ದಾರಿ ಇಲ್ಲಿಗೆ ಅಷ್ಟಾಗಿ ಒಗ್ಗುವುದಿಲ್ಲ. ಹೊಸ ಪದ್ಧತಿಯಲ್ಲಿ ಹಳೆಯ ಕಡಿತಗಳೇ ಬಹುಪಾಲು ಹೋಗಿವೆ, ದಿನಗೂಲಿಯವರಿಗೆ ಆ ತೆರಿಗೆಯೇ ಬಾರದು. ಮನೆ ಕಂದಾಯ ಹೆಚ್ಚು ಜನರನ್ನು ಮುಟ್ಟುತ್ತದೆ. ಅಲ್ಲೂ ಒಂದು ಕೊರತೆ ಉಳಿಯುತ್ತದೆ: ಬಾಡಿಗೆ ಮನೆಯಲ್ಲಿ ಒಲೆ ಉರಿಸುವವರು ಒಬ್ಬರು, ಕಂದಾಯ ಕಟ್ಟುವವರು ಮಾಲೀಕರು. ಬಾಡಿಗೆದಾರರು ಇರುವ ಕೋಣೆಗೂ ಅಲಾರಂ ಇದ್ದರಷ್ಟೇ ರಿಯಾಯಿತಿ ಎಂಬ ಷರತ್ತು ಅಗತ್ಯ.

ಒಂದೇ ಸಲ ಬಿಟ್ಟು ಕೈತೊಳೆದುಕೊಳ್ಳುವ ರಿಯಾಯಿತಿಯೂ ಸಾಲದು. ಅಲಾರಂನ ಆಯುಷ್ಯ ಸುಮಾರು 10 ವರ್ಷ, ಬ್ಯಾಟರಿಯದ್ದು ಸಾಮಾನ್ಯವಾಗಿ ಇನ್ನೂ ಕಡಿಮೆ. ಏಪ್ರಿಲ್‌ನ ಶೇ 5ರ ಜೊತೆಗೇ ಪ್ರತಿ ವರ್ಷ ಚಿಕ್ಕದೊಂದು ಕಡಿತ, ಅದಕ್ಕೆ ಬದಲಾಗಿ ಟೆಸ್ಟ್ ಬಟನ್ ಒತ್ತಿ ಅಲಾರಂ ಕೂಗಿದ್ದನ್ನು ಬಿಲ್ ಕಲೆಕ್ಟರ್‌ಗೆ ಕೇಳಿಸುವುದು. ಅವರು ಹೇಗಿದ್ದರೂ ಬಾಗಿಲಿಗೆ ಬರುತ್ತಾರೆ.