ಡಬ್ಬಿಯಲ್ಲಿ ಬರುವ ಆಂಟಿಆಕ್ಸಿಡೆಂಟ್: ಯಾರಿಗೆ ಬೇಕು, ಯಾರಿಗೆ ಬೇಡ

ಮೈಸೂರಿನ ಔಷಧಿ ಅಂಗಡಿಗಳಲ್ಲಿ ವೈದ್ಯರ ಚೀಟಿಯಿಲ್ಲದೆ ಕೊಳ್ಳಬಹುದಾದ ಆಂಟಿಆಕ್ಸಿಡೆಂಟ್ ಮಾತ್ರೆಗಳು ಸಾಲುಸಾಲಾಗಿ ಕಾಣುತ್ತವೆ. ಒಳಗಿರುವುದು ವಿಟಮಿನ್ ಸಿ ಆಗಿರಲಿ, ವಿಟಮಿನ್ ಇ, ಬೀಟಾ ಕ್ಯಾರೋಟಿನ್, ಸೆಲೆನಿಯಂ ಅಥವಾ ಅರಿಸಿನದ ಸಾರವಾಗಿರಲಿ, ಕೊಳ್ಳುವವರ ನಂಬಿಕೆ ಒಂದೇ: ಒಳ್ಳೆಯದಾಗದಿದ್ದರೂ ಕೆಟ್ಟದ್ದಂತೂ ಆಗದು. ಈ ನಂಬಿಕೆ ತಪ್ಪೆಂಬುದಕ್ಕೆ ಬಲವಾದ ಪುರಾವೆ ಮೂವತ್ತು ವರ್ಷಗಳಿಂದ ಇದೆ. ಹುಣಸೂರು, ಪಿರಿಯಾಪಟ್ಟಣಗಳಂತಹ ಹೊಗೆಸೊಪ್ಪಿನ ಸೀಮೆಯಿರುವ ನಮ್ಮ ಜಿಲ್ಲೆಯಲ್ಲಿ ಅದು ಮನೆಮನೆಗೂ ತಿಳಿದಿರಬೇಕಾದ ಸಂಗತಿ.

ಜೀವಕೋಶಗಳು ಆಮ್ಲಜನಕವನ್ನು ಬಳಸಿ ಆಹಾರದಿಂದ ಶಕ್ತಿ ಪಡೆಯುವಾಗ ಕೆಲವು ಎಲೆಕ್ಟ್ರಾನುಗಳು ದಾರಿ ತಪ್ಪಿ ಫ್ರೀ ರ್‍ಯಾಡಿಕಲ್‌ಗಳು ಹುಟ್ಟಿಕೊಳ್ಳುತ್ತವೆ. ಒಂಟಿ ಎಲೆಕ್ಟ್ರಾನ್ ಇರುವ ಈ ಚಂಚಲ ಕಣಗಳು ಕೊಬ್ಬು, ಪ್ರೋಟೀನು, ಡಿಎನ್‌ಎಗಳಿಗೆ ಹಾನಿ ಮಾಡಬಲ್ಲವು. ಮುಪ್ಪಿಗೆ ಇವೇ ಕಾರಣವೆಂಬ ಸಿದ್ಧಾಂತವನ್ನು ಅಮೆರಿಕದ ಡೆನ್‌ಹ್ಯಾಮ್ ಹಾರ್ಮನ್ 1956ರಲ್ಲಿ ಮಂಡಿಸಿದರು. ಇವುಗಳನ್ನು ತಣಿಸುವ ವಸ್ತುವನ್ನು, ಅಂದರೆ ಆಂಟಿಆಕ್ಸಿಡೆಂಟನ್ನು, ನುಂಗಿದರೆ ರೋಗವೂ ಮುಪ್ಪೂ ದೂರವಾಗುತ್ತವೆಂಬ ಆಸೆ ಅಲ್ಲಿಂದ ಬೆಳೆಯಿತು. ಆದರೆ ದೇಹಕ್ಕೆ ಈ ಕಣಗಳು ಬರೀ ಶತ್ರುಗಳಲ್ಲ. ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದು ಇವುಗಳ ನೆರವಿನಿಂದಲೇ. ವ್ಯಾಯಾಮಕ್ಕೆ ತಕ್ಕಂತೆ ಬದಲಾಗಬೇಕೆಂಬ ಸೂಚನೆ ಸ್ನಾಯುಗಳಿಗೆ ಸಿಗುವುದರಲ್ಲೂ ಇವುಗಳ ಪಾತ್ರವಿದೆ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ವ್ಯಾಯಾಮದ ಜೊತೆಗೆ ದಿನವೂ 1000 ಮಿಲಿಗ್ರಾಂ ವಿಟಮಿನ್ ಸಿ ಮತ್ತು 400 ಯೂನಿಟ್ ವಿಟಮಿನ್ ಇ ತೆಗೆದುಕೊಂಡ ಯುವಕರಲ್ಲಿ, ವ್ಯಾಯಾಮದಿಂದ ಇನ್ಸುಲಿನ್ ಸ್ಪಂದನೆಗೆ ಆಗಬೇಕಿದ್ದ ಲಾಭವೇ ಕಾಣಲಿಲ್ಲ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆದು ಬಂದು ಈ ಮಾತ್ರೆ ನುಂಗುವವರು ಇದನ್ನು ಗಮನಿಸಬೇಕು.

ನಿಜವಾದ ಆಘಾತ ಬಂದದ್ದು ಫಿನ್‌ಲೆಂಡಿನಿಂದ. ಹಳದಿ, ಹಸಿರು ತರಕಾರಿಗಳನ್ನು ಹೆಚ್ಚು ತಿನ್ನುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯೆಂದು ಹಿಂದಿನ ಅಧ್ಯಯನಗಳು ಹೇಳಿದ್ದವು. ತರಕಾರಿಯಲ್ಲಿರುವ ಬೀಟಾ ಕ್ಯಾರೋಟಿನ್ನೇ ಇದಕ್ಕೆ ಕಾರಣವಿರಬೇಕೆಂದು ಬಗೆದು, ಧೂಮಪಾನ ಮಾಡುವ 29,133 ಗಂಡಸರ ಮೇಲೆ ಪ್ರಯೋಗ ನಡೆಸಿದರು. 1994ರಲ್ಲಿ ಪ್ರಕಟವಾದ ಫಲಿತಾಂಶ ಎಣಿಕೆಗೆ ತದ್ವಿರುದ್ಧವಾಗಿತ್ತು: ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚಿತ್ತು. ಅಮೆರಿಕದಲ್ಲಿ ಧೂಮಪಾನಿಗಳು ಮತ್ತು ಆಸ್ಬೆಸ್ಟಾಸ್ ಕಾರ್ಮಿಕರಿಗೆ ಬೀಟಾ ಕ್ಯಾರೋಟಿನ್ ಜೊತೆ ವಿಟಮಿನ್ ಎ ಕೊಟ್ಟ ಇನ್ನೊಂದು ಪ್ರಯೋಗದಲ್ಲಿ ಈ ಹೆಚ್ಚಳ ಶೇಕಡಾ 28ರಷ್ಟಿದ್ದು, 1996ರ ಜನವರಿಯಲ್ಲಿ ಅದನ್ನು ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. ಹೊಗೆ ತುಂಬಿದ ಶ್ವಾಸಕೋಶದಲ್ಲಿ ಅತಿಯಾದ ಬೀಟಾ ಕ್ಯಾರೋಟಿನ್ ತಾನೇ ಆಮ್ಲಜನಕದೊಡನೆ ವರ್ತಿಸಿ ಉತ್ಕರ್ಷಣೆಗೊಂಡು, ಅದರಿಂದ ಒಡೆದು ಬಂದ ತುಣುಕುಗಳು ಜೀವಕೋಶಗಳಿಗೆ ಕೇಡು ಮಾಡುತ್ತವೆಂಬುದು ಪ್ರಯೋಗಾಲಯದ ಅಧ್ಯಯನಗಳು ಸೂಚಿಸುವ ವಿವರಣೆ. ಬೀಡಿ, ಸಿಗರೇಟು ಸೇದುವವರ ಮನೆಗೆ ಕಾಳಜಿಯಿಂದಲೇ ಇಂತಹ ಡಬ್ಬಿ ತರುವವರಿದ್ದರೆ, ದಯವಿಟ್ಟು ತರಬೇಡಿ. ಗಜ್ಜರಿ, ಸಿಹಿಗುಂಬಳ, ಸೊಪ್ಪು ತಿನ್ನುವುದಕ್ಕೆ ಈ ಎಚ್ಚರಿಕೆ ಅನ್ವಯಿಸುವುದಿಲ್ಲ.

ಆಮೇಲೆ ವಿಟಮಿನ್ ಇ ಸರದಿ. ದಿನಕ್ಕೆ 400 ಯೂನಿಟ್ ತೆಗೆದುಕೊಂಡ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇಕಡಾ 17ರಷ್ಟು ಹೆಚ್ಚಿತ್ತೆಂದು 2011ರಲ್ಲಿ ದೊಡ್ಡದೊಂದು ಪ್ರಯೋಗ ತೋರಿಸಿತು. ಮರುವರ್ಷ 78 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ, ವೈದ್ಯಕೀಯ ಪುರಾವೆಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ವರದಿಗೆ, ಆಂಟಿಆಕ್ಸಿಡೆಂಟ್ ಮಾತ್ರೆಗಳಿಂದ ಆಯುಸ್ಸು ಹೆಚ್ಚುತ್ತದೆಂಬುದಕ್ಕೆ ಆಧಾರ ಸಿಗಲಿಲ್ಲ.

ಹಾಗೆಂದು ಇವು ಯಾರಿಗೂ ಬೇಡವೆನ್ನಲಾಗದು. ವಯಸ್ಸಾದಂತೆ ಅಕ್ಷಿಪಟಲದ ನಡುಭಾಗ ಸವೆಯುವ ರೋಗ ಮಧ್ಯಮ ಹಂತದಲ್ಲಿದ್ದವರಿಗೆ ವಿಟಮಿನ್ ಸಿ, ಇ, ಬೀಟಾ ಕ್ಯಾರೋಟಿನ್ ಮತ್ತು ಸತುವಿನ ಮಿಶ್ರಣ ಕೊಟ್ಟಾಗ, ಅದು ತೀವ್ರ ಹಂತಕ್ಕೇರುವ ಅಪಾಯ ಸುಮಾರು ಕಾಲು ಭಾಗ ತಗ್ಗಿತೆಂದು 2001ರಲ್ಲಿ ತಿಳಿದುಬಂತು. ಈಗ ಅದರಲ್ಲಿ ಬೀಟಾ ಕ್ಯಾರೋಟಿನ್ ಬದಲು ಲೂಟೀನ್ ಮತ್ತು ಜಿಯಾಕ್ಸಾಂಥಿನ್ ಎಂಬ ಹಳದಿ ವರ್ಣದ್ರವ್ಯಗಳನ್ನು ಬಳಸುತ್ತಾರೆ. ನಿಶ್ಚಿತ ರೋಗ, ನಿಶ್ಚಿತ ಹಂತ, ನಿಶ್ಚಿತ ಪ್ರಮಾಣ ಇದ್ದುದರಿಂದಲೇ ಇಲ್ಲಿ ಲಾಭ ಸಿಕ್ಕಿತು.

ಇನ್ನು ಗುಣಮಟ್ಟದ ವಿಚಾರ. ಡಬ್ಬಿಯನ್ನು ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ ಹದಿನಾಲ್ಕು ಅಂಕಿಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇದ್ದರೆ ಅದು ಕಾನೂನಿನ ಕಣ್ಣಿನಲ್ಲಿ ಆಹಾರ. ರೋಗ ಗುಣಪಡಿಸುತ್ತದೆಂದು ಹೇಳಿಕೊಳ್ಳುವ ಹಕ್ಕು ಅದಕ್ಕಿಲ್ಲ, ಔಷಧವಾಗಿ ಬಳಸುವುದಕ್ಕಲ್ಲವೆಂದು ಚೀಟಿಯ ಮೇಲೆಯೇ ಮುದ್ರಿಸಿರಬೇಕು. ಔಷಧಿ ತಯಾರಿಕಾ ಪರವಾನಗಿಯ ಸಂಖ್ಯೆ ಇದ್ದರೆ ಅದು ಔಷಧಿಗಳ ಕಾನೂನಿನಡಿ ಬರುತ್ತದೆ. ಅಕ್ಕಪಕ್ಕದಲ್ಲೇ ಇಟ್ಟಿರುವ ಎರಡು ಡಬ್ಬಿಗಳ ನಡುವೆ ಇಷ್ಟು ಅಂತರವಿರುವುದು ಕೊಳ್ಳುವವರಿಗೆ ಗೊತ್ತಾಗುವುದೇ ಇಲ್ಲ ಎಂಬುದು ನನ್ನ ಬೇಸರ. ನಂತರ ಪ್ರಮಾಣ ನೋಡಿ. ವಯಸ್ಕ ಗಂಡಸಿಗೆ ದಿನಕ್ಕೆ 80, ಹೆಂಗಸಿಗೆ 65 ಮಿಲಿಗ್ರಾಂ ವಿಟಮಿನ್ ಸಿ ಸಾಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಶಿಫಾರಸು ಹೇಳುತ್ತದೆ. ಚೀಪುವ ಮಾತ್ರೆಯೊಂದರಲ್ಲಿ ಸಾಮಾನ್ಯವಾಗಿ 500 ಇರುತ್ತದೆ. ಹೆಚ್ಚಾದದ್ದರಲ್ಲಿ ಬಹುಪಾಲು ಮೂತ್ರದಲ್ಲಿ ಹೋಗುತ್ತದೆ, ಸ್ವಲ್ಪ ಭಾಗ ಕಲ್ಲಿಗೆ ಮೂಲವಾಗುವ ಆಕ್ಸಲೇಟ್ ಆಗಿ ಬದಲಾಗುವುದರಿಂದ ಮೂತ್ರಪಿಂಡದಲ್ಲಿ ಕಲ್ಲು ಆದವರಿಗೆ ಇದು ಒಳ್ಳೆಯದಲ್ಲ. ಅರಿಸಿನದ ಮಾತ್ರೆಗೆ ಕಾಳುಮೆಣಸಿನ ಖಾರದ ಅಂಶವಾದ ಪೈಪರಿನ್ ಬೆರೆಸಿದ್ದರೆ, ಅರಿಸಿನದ ಮುಖ್ಯ ಅಂಶವಾದ ಕರ್ಕ್ಯುಮಿನ್ ಹೆಚ್ಚಾಗಿ ರಕ್ತಕ್ಕೆ ಸೇರುತ್ತದೆ. ಇಂತಹ ಮಾತ್ರೆಗಳಿಂದ ಯಕೃತ್ತಿಗೆ ತೊಂದರೆಯಾದ ಪ್ರಕರಣಗಳು ವರದಿಯಾಗಿವೆ. ಹುಳಿಗೆ ಹಾಕುವ ಚಿಟಿಕೆ ಅರಿಸಿನ ಈ ಲೆಕ್ಕಕ್ಕೆ ಬರುವುದಿಲ್ಲ.

ಕೊರತೆ ನೀಗಿಸುವುದಷ್ಟೇ ಉದ್ದೇಶವಾದರೆ ದೇವರಾಜ ಮಾರುಕಟ್ಟೆಯಲ್ಲಿ ಸಿಗುವ ನೆಲ್ಲಿಕಾಯಿ, ಸೀಬೆಹಣ್ಣು ಧಾರಾಳ ಸಾಕು. ಎರಡರಲ್ಲೂ ಕಿತ್ತಳೆಗಿಂತ ಹಲವು ಪಟ್ಟು ವಿಟಮಿನ್ ಸಿ ಇದೆ. ಮಂಡ್ಯದ ಮನೆಗಳ ರಾಗಿಮುದ್ದೆಯೂ ಕಡಿಮೆಯದಲ್ಲ. ರಾಗಿಯಲ್ಲಿ ಆಂಟಿಆಕ್ಸಿಡೆಂಟ್‌ಗಳಾಗಿ ಕೆಲಸ ಮಾಡುವ ಪಾಲಿಫಿನಾಲ್‌ಗಳು ಬಹುಪಾಲು ಅದರ ಹೊರಸಿಪ್ಪೆಯಲ್ಲಿರುವುದರಿಂದ ಹಿಟ್ಟನ್ನು ತೀರಾ ನುಣ್ಣಗೆ ಜರಡಿ ಹಿಡಿಯದಿರುವುದು ಮೇಲು. ಇನ್ನು ವಾರ್ಫರಿನ್‌ನಂತಹ ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರು ಹೆಚ್ಚಿನ ಪ್ರಮಾಣದ ವಿಟಮಿನ್ ಇ ತೆಗೆದುಕೊಂಡರೆ ರಕ್ತಸ್ರಾವದ ಅಪಾಯವಿದೆ. ಅವರೂ, ಕಿಮೊಥೆರಪಿ ಅಥವಾ ವಿಕಿರಣ ಚಿಕಿತ್ಸೆಯಲ್ಲಿರುವವರೂ ತಾವು ನುಂಗುತ್ತಿರುವ ಮಾತ್ರೆಗಳ ಡಬ್ಬಿಗಳನ್ನೆಲ್ಲ ಒಯ್ದು ವೈದ್ಯರಿಗೆ ತೋರಿಸಬೇಕು.