ವೆರ್ಡಿಯ ರಿಕ್ವಿಯಂ: ಸುಮ್ಮನೆ ಕುಳಿತವರ ಮೇಲೂ ಒಂದು ಕಣ್ಣಿರಲಿ

ಕ್ಯಾಥೊಲಿಕರಲ್ಲಿ ಮೃತರಿಗಾಗಿ ಅರ್ಪಿಸುವ ಬಲಿಪೂಜೆಯ ಲ್ಯಾಟಿನ್ ಪಠ್ಯಕ್ಕೆ ಹಾಕಿದ ಸಂಗೀತವೇ ರಿಕ್ವಿಯಂ. ಇಟಲಿಯ ಸಂಯೋಜಕ ಜ್ಯುಸೆಪ್ಪೆ ವೆರ್ಡಿ ತನ್ನದನ್ನು ಬರೆದದ್ದು ಸಾಹಿತಿ ಅಲೆಸ್ಸಾಂದ್ರೊ ಮಂಜೋನಿಯ ನೆನಪಿಗೆ. ಮಂಜೋನಿ ತೀರಿಕೊಂಡು ಸರಿಯಾಗಿ ವರ್ಷ ತುಂಬಿದ ದಿನ, 1874ರ ಮೇ 22ರಂದು, ಮಿಲಾನಿನ ಸಾನ್ ಮಾರ್ಕೊ ಚರ್ಚಿನಲ್ಲಿ ವೆರ್ಡಿಯೇ ಅದನ್ನು ನಡೆಸಿಕೊಟ್ಟ. ಮೂರು ದಿನಗಳ ನಂತರ ಲಾ ಸ್ಕಾಲಾ ರಂಗಮಂದಿರದಲ್ಲಿ ಮತ್ತೊಂದು ಪ್ರದರ್ಶನ ನಡೆಯಿತು.

ಈ ಕೃತಿಯ ಹೆಸರೆತ್ತಿದರೆ ಎಲ್ಲರೂ ಹೇಳುವುದು ‘ದಿಯೆಸ್ ಇರೆ’ (ಕ್ರೋಧದ ದಿನ) ಭಾಗದ ಅಬ್ಬರವನ್ನೇ. ವಾದ್ಯವೃಂದದ ನಾಲ್ಕು ಹೊಡೆತಗಳು, ಅವುಗಳ ಬೆನ್ನಿಗೆ ಬೇಸ್ ಡ್ರಮ್ಮಿನ ಪೆಟ್ಟು. ಆ ಪೆಟ್ಟು ಗಡುಸಾಗಿ ಕೇಳಬೇಕು, ಅದಕ್ಕಾಗಿ ಡ್ರಮ್ಮನ್ನು ಚೆನ್ನಾಗಿ ಬಿಗಿಯಬೇಕು ಎಂದು ವೆರ್ಡಿ ಸ್ವರಲಿಪಿಯಲ್ಲೇ ಸೂಚಿಸಿದ್ದಾನೆ. ಅದನ್ನು ಕೇಳಿಸಿಕೊಳ್ಳಲು ಯಾರ ಸಹಾಯವೂ ಬೇಡ. ಸಭಾಂಗಣದಲ್ಲಿ ಕುಳಿತಾಗ ಮಾತ್ರ ದಕ್ಕುವ ಸಂಗತಿ ಬೇರೆ: ನಾಲ್ವರು ಏಕಗಾಯಕರು ಮತ್ತು ಗಾಯನವೃಂದದಲ್ಲಿ ಯಾವಾಗ ಯಾರು ಬಾಯಿ ಮುಚ್ಚಿ ಕುಳಿತಿದ್ದಾರೆ ಎಂಬುದು.

‘ಒಫೆರ್ತೋರಿಯೊ’ ಎಂಬ ಭಾಗ ನೋಡಿ. ಇಲ್ಲಿ ವೃಂದಕ್ಕೆ ಪೂರ್ತಿ ವಿಶ್ರಾಂತಿ. ಮೆಝೊ (ಹೆಣ್ಣಿನ ನಡುದನಿ), ಟೆನರ್ (ಗಂಡಿನ ಮೇಲುದನಿ), ಬಾಸ್ (ಗಂಡಿನ ಕೆಳದನಿ) ಹಾಡುತ್ತಾ ಸಾಗಿದರೂ ಸೊಪ್ರಾನೊ (ಹೆಣ್ಣಿನ ಮೇಲುದನಿ) ಮಾತ್ರ ಸುಮ್ಮನಿರುತ್ತಾಳೆ. ಆಮೇಲೆ ‘ಸೆದ್’ ಎಂಬ ಒಂದೇ ಅಕ್ಷರವನ್ನು ಹಿಡಿದು ಉದ್ದಕ್ಕೆ ನಿಲ್ಲಿಸುತ್ತಾಳೆ. ನನ್ನ ಪ್ರಕಾರ ಇಡೀ ಕೃತಿಯಲ್ಲಿ ಇದಕ್ಕಿಂತ ಸೊಗಸಾದ ಪ್ರವೇಶ ಇನ್ನೊಂದಿಲ್ಲ. ಮುಂದಿನ ‘ಸಾಂಕ್ತುಸ್’ನಲ್ಲಿ ಎಲ್ಲ ತಿರುವುಮುರುವು: ವೃಂದವೇ ಎರಡಾಗಿ ಒಡೆದು ಎಂಟು ಎಳೆಗಳ ಫ್ಯೂಗ್ (ಒಂದೇ ರಾಗವನ್ನು ದನಿಗಳು ಒಂದರ ಹಿಂದೊಂದು ಎತ್ತಿಕೊಂಡು ಹೆಣೆಯುವ ರಚನೆ) ಹಾಡುತ್ತದೆ, ನಾಲ್ವರಿಗೂ ಕೆಲಸವಿಲ್ಲ. ‘ಆಗ್ನುಸ್ ದೇಯಿ’ಯಲ್ಲಿ ಸೊಪ್ರಾನೊ ಮತ್ತು ಮೆಝೊ ವಾದ್ಯದ ಆಸರೆಯಿಲ್ಲದೆ ಒಂದೇ ರಾಗವನ್ನು ಎರಡು ಸ್ಥಾಯಿಗಳಲ್ಲಿ ಶುರುಮಾಡುತ್ತಾರೆ. ಶ್ರುತಿ ಕೂದಲೆಳೆಯಷ್ಟು ಸರಿದರೂ ಮುಚ್ಚಿಡಲು ಜಾಗವಿಲ್ಲ.

ಅದರ ನಂತರದ ‘ಲುಕ್ಸ್ ಎತೆರ್ನಾ’ ಉಳಿದ ಮೂವರ ಪಾಲು. ಸೊಪ್ರಾನೊಗೆ ಅಲ್ಲಿ ಸಿಗುವ ಬಿಡುವು ಮುಂದಿನದಕ್ಕೆ ಬೇಕೇ ಬೇಕು. ಏಕೆಂದರೆ ಕೊನೆಯ ‘ಲಿಬೆರಾ ಮೆ’ಯಲ್ಲಿ ಮೂವರೂ ಮೌನ, ವೃಂದದೆದುರು ಅವಳೊಬ್ಬಳೇ. ಮೊದಲು ತಾಳದ ಹಂಗಿಲ್ಲದೆ ಒಂದೇ ಸ್ವರದಲ್ಲಿ ಗಡಿಬಿಡಿಯ ಪ್ರಾರ್ಥನೆ. ನಡುವೆ ವಾದ್ಯಗಳೆಲ್ಲ ನಿಂತು, ವೃಂದದ ಮೇಲೆ ತೇಲುತ್ತಾ ಬಿ ಫ್ಲ್ಯಾಟ್ ಎಂಬ ಎತ್ತರದ ಸ್ವರವನ್ನು ಅವಳು ಆದಷ್ಟೂ ಮೆಲ್ಲಗೆ ಮುಟ್ಟಬೇಕು. ಕೂಗಿ ಮುಟ್ಟುವುದು ಇದಕ್ಕಿಂತ ಎಷ್ಟೋ ಸುಲಭ.

ಇಷ್ಟು ದೊಡ್ಡ ಕೃತಿ ಒಬ್ಬಳ ಕೊರಳಿನಲ್ಲಿ ಮುಗಿಯುವುದಕ್ಕೆ ಹಿನ್ನೆಲೆಯಿದೆ. 1868ರಲ್ಲಿ ಸಂಯೋಜಕ ರೊಸ್ಸೀನಿ ತೀರಿಕೊಂಡಾಗ ಹಲವು ಇಟಾಲಿಯನ್ ಸಂಯೋಜಕರು ಸೇರಿ ಒಂದು ರಿಕ್ವಿಯಂ ಬರೆಯಬೇಕೆಂದು ವೆರ್ಡಿ ಸಲಹೆಯಿತ್ತ. ಅವನ ಪಾಲಿಗೆ ಬಂದದ್ದೇ ‘ಲಿಬೆರಾ ಮೆ’. 1869ರ ಆ ಪ್ರದರ್ಶನ ನಡೆಯಲೇ ಇಲ್ಲ, ಬರೆದದ್ದು ಉಳಿಯಿತು. ‘ಲಿಬೆರಾ ಮೆ’ಯ ಪಠ್ಯದಲ್ಲೂ ಪ್ರಳಯದಿನದ ಮಾತು ಬರುವುದರಿಂದ ‘ದಿಯೆಸ್ ಇರೆ’ಯ ಅಬ್ಬರದ ಮೊದಲ ರೂಪ ಅದರಲ್ಲೇ ಇತ್ತು. ಹಾಗಾಗಿ ಕೊನೆಯಲ್ಲಿ ಆ ಹೊಡೆತಗಳು ಮರಳಿ ಬಂದಾಗ ನಾವು ಕೇಳುತ್ತಿರುವುದು ಹಿಂದೆ ಬಂದ ಭಾಗದ ನೆನಪನ್ನಲ್ಲ, ಅದರ ಹುಟ್ಟುಜಾಗವನ್ನು.

ಇನ್ನೊಂದು ವಿವರ. ಮೊದಲ ಪ್ರದರ್ಶನದಲ್ಲಿ, ‘ದಿಯೆಸ್ ಇರೆ’ಯೊಳಗೇ ಬರುವ ‘ಲಿಬೆರ್ ಸ್ಕ್ರಿಪ್ತುಸ್’ ವೃಂದಕ್ಕೆ ಬರೆದ ಫ್ಯೂಗ್ ಆಗಿತ್ತು. 1875ರ ಲಂಡನ್ ಪ್ರದರ್ಶನದ ಹೊತ್ತಿಗೆ ವೆರ್ಡಿ ಅದನ್ನು ತೆಗೆದು, ಮರಿಯಾ ವಾಲ್ಡ್‌ಮನ್ ಎಂಬ ಮೆಝೊ ಗಾಯಕಿಗಾಗಿ ಹೊಸದಾಗಿ ಬರೆದ. ಈಗ ಅಲ್ಲಿ ವೃಂದದ ಪಾಲಿಗೆ ಉಳಿದಿರುವುದು ‘ದಿಯೆಸ್ ಇರೆ’ ಎಂಬ ಗೊಣಗಾಟವಷ್ಟೇ. ಫ್ಯೂಗಿಗಿಂತ ಅದೇ ಹೆಚ್ಚು ನಡುಗಿಸುತ್ತದೆ.