ಹುಡುಕಾಟ ಯಾರ ಕೆಲಸ?

ಒಂದು ಪ್ರಶ್ನೆಗೆ ಸಂಬಂಧಿಸಿದ ಅಧ್ಯಯನಗಳನ್ನೆಲ್ಲ ಕ್ರಮಬದ್ಧವಾಗಿ ಹುಡುಕಿ ಒಟ್ಟಾಗಿ ಪರಿಶೀಲಿಸುವ ಸಿಸ್ಟಮ್ಯಾಟಿಕ್ ರಿವ್ಯೂ ತಂಡದಲ್ಲಿ ಗ್ರಂಥಪಾಲಕರ ಜಾಗ ಎಲ್ಲಿ ಎಂಬ ಚರ್ಚೆ ಗೋಜಲಾಗಿದೆ. 1879ರಲ್ಲಿ ಅಮೆರಿಕದಲ್ಲಿ ಶುರುವಾದ ‘ಇಂಡೆಕ್ಸ್ ಮೆಡಿಕಸ್’ ಎಂಬ ವೈದ್ಯಕೀಯ ಲೇಖನಗಳ ಮುದ್ರಿತ ಸೂಚಿಯ ಕೆಲಸ 1964ರ ಹೊತ್ತಿಗೆ ಕಂಪ್ಯೂಟರಿಗೆ ಹೋಗಿ, 1971ರಲ್ಲಿ ಮೆಡ್‌ಲೈನ್ ಎಂದು ಆನ್‌ಲೈನ್ ಬಂತು. ಸಂಪರ್ಕದ ಸಮಯಕ್ಕೆ ದುಡ್ಡು ತೆರಬೇಕಿದ್ದ ಕಾಲ ಅದು. ತರಬೇತಾದ ಗ್ರಂಥಪಾಲಕರು ಪದಗಳನ್ನೆಲ್ಲ ಮೊದಲೇ ಕಾಗದದಲ್ಲಿ ಜೋಡಿಸಿಕೊಂಡು ಟರ್ಮಿನಲ್ ಮುಂದೆ ಕೂರುತ್ತಿದ್ದರು. 1997ರಲ್ಲಿ ಮೆಡ್‌ಲೈನನ್ನು ವೆಬ್‌ನಲ್ಲಿ ಹುಡುಕುವ ತಾಣ ಪಬ್‌ಮೆಡ್ ಎಲ್ಲರಿಗೂ ಉಚಿತವಾಯಿತು. ಹುಡುಕುವ ಸಾಧನ ಸಂಶೋಧಕರ ಮೇಜಿಗೆ ಬಂತು, ಕಸುಬು ಜೊತೆಗೆ ಬರಲಿಲ್ಲ.

2001ರಲ್ಲಿ ಅಮೆರಿಕದ ಅಸ್ತಮಾ ಅಧ್ಯಯನವೊಂದರಲ್ಲಿ ಹೆಕ್ಸಾಮೆಥೋನಿಯಂ ಉಸಿರಾಡಿದ ಆರೋಗ್ಯವಂತ ಸ್ವಯಂಸೇವಕಿ ತೀರಿಕೊಂಡರು. ಆಗ ಪಬ್‌ಮೆಡ್‌ನ ದಾಖಲೆ ಹಿಂದಕ್ಕೆ 1960ರ ದಶಕದ ನಡುವಿನವರೆಗಷ್ಟೇ ಇತ್ತು. ಈ ಔಷಧದಿಂದ ಶ್ವಾಸಕೋಶಕ್ಕೆ ಹಾನಿಯಾಗುತ್ತದೆಂದು ಹೇಳಿದ ಲೇಖನಗಳು 1950ರ ದಶಕದವು, ಅಲ್ಲಿ ಹುಡುಕಿದರೆ ಸಿಗುವಂತಿರಲಿಲ್ಲ. ಗ್ರಂಥಪಾಲಕರು ಇದನ್ನು ಇಂದಿಗೂ ಪಾಠದಲ್ಲಿ ಹೇಳುವುದುಂಟು.

ಹಾಗಾದರೆ ಕಸುಬೆಂದರೆ ಏನು? ಪ್ರಶ್ನೆಯನ್ನು ಎರಡು ಮೂರು ಪರಿಕಲ್ಪನೆಗಳಾಗಿ ಒಡೆಯುವುದು. ಪ್ರತಿಯೊಂದಕ್ಕೂ ಮೆಡ್‌ಲೈನ್ ಲೇಖನಗಳಿಗೆ ಹಚ್ಚುವ ನಿಗದಿತ ಪದಕೋಶವಾದ ಮೆಶ್‌ನ ವಿಷಯಶೀರ್ಷಿಕೆ ಮತ್ತು ಲೇಖಕರು ಬಳಸುವ ಬಿಡಿಪದ ಎರಡನ್ನೂ ಹಾಕುವುದು. ಸಮಾನ ಪದಗಳ ನಡುವೆ ‘ಆರ್’, ಪರಿಕಲ್ಪನೆಗಳ ನಡುವೆ ‘ಆ್ಯಂಡ್’. ಬರೀ ಮೆಶ್ ನಂಬಿದರೆ ಇನ್ನೂ ಸೂಚೀಕರಣವಾಗದ ಹೊಸ ಲೇಖನಗಳು ತಪ್ಪುತ್ತವೆ. ಪಬ್‌ಮೆಡ್‌ನಲ್ಲಿ ಪದದ ಕೊನೆಗೆ ಅದರ ಬೇರೆ ರೂಪಗಳೂ ಸಿಗಲೆಂದು ನಕ್ಷತ್ರ ಚಿಹ್ನೆ (*) ಹಾಕಿದ ಕೂಡಲೇ ತಾನಾಗಿ ಮೆಶ್‌ಗೆ ಹೊಂದಿಸುವ ಸೌಲಭ್ಯ ಆ ಪದಕ್ಕೆ ನಿಂತುಹೋಗುತ್ತದೆ, ಇದು ಅನೇಕರಿಗೆ ಗೊತ್ತೇ ಇರುವುದಿಲ್ಲ. ಅಧ್ಯಯನ ಅಳೆಯುವ ಫಲಿತಾಂಶವನ್ನೂ (ಔಟ್‌ಕಮ್) ಒಂದು ಪರಿಕಲ್ಪನೆಯಾಗಿ ಸೇರಿಸುವುದು ಇನ್ನೊಂದು ತಪ್ಪು: ಅಳೆದದ್ದೆಲ್ಲವನ್ನೂ ಸಾರಾಂಶದಲ್ಲಿ ಬರೆದಿರುವುದಿಲ್ಲ. ಪ್ರಾಣಿಗಳ ಅಧ್ಯಯನ ಬೇಡವೆಂದು ‘ಅನಿಮಲ್ಸ್’ ಎಂಬುದನ್ನೇ ‘ನಾಟ್’ನಿಂದ ತೆಗೆದರೆ ಮನುಷ್ಯರ ಅಧ್ಯಯನಗಳೂ ಹೋಗುತ್ತವೆ, ಏಕೆಂದರೆ ಮೆಶ್ ವೃಕ್ಷದಲ್ಲಿ ಮನುಷ್ಯ ಪ್ರಾಣಿಗಳ ಕೆಳಗೇ ಇದ್ದಾನೆ. ‘ಪ್ರಾಣಿ ಇದ್ದು ಮನುಷ್ಯ ಇಲ್ಲದ್ದು’ ಎಂಬುದನ್ನಷ್ಟೇ ತೆಗೆಯಬೇಕು.

ತಂಡಕ್ಕೆ ಮೊದಲೇ ಗೊತ್ತಿರುವ ಒಂದಷ್ಟು ಲೇಖನಗಳು ಬರುತ್ತಿವೆಯೇ ಎಂದು ನೋಡುವುದು ಅಗ್ಗದ ಪರೀಕ್ಷೆ. ಒಂದು ಬಾರದಿದ್ದರೆ ಅದರ ಶೀರ್ಷಿಕೆ, ಸಾರಾಂಶ, ಮೆಶ್ ಬಿಚ್ಚಿ ನೋಡಿ ಯಾವ ಪದ ಬಿಟ್ಟಿತೆಂದು ಹಿಡಿಯಬೇಕು. ಇದೇ ಹುಡುಕಾಟವನ್ನು ಎಂಬೇಸ್ ಎಂಬ ಇನ್ನೊಂದು ವೈದ್ಯಕೀಯ ಡೇಟಾಬೇಸಿಗೆ ಒಯ್ಯುವಾಗ ಮೆಶ್ ಬದಲು ಅಲ್ಲಿನ ಪದಕೋಶ ಎಮ್‌ಟ್ರೀ. ಪಬ್‌ಮೆಡ್‌ನ ಸಾಲನ್ನು ಹಾಗೇ ಅಂಟಿಸಿದರೆ ಕೆಲವೊಮ್ಮೆ ದೋಷದ ಸೂಚನೆಯೂ ಬರದೆ ಅಡ್ಡಾದಿಡ್ಡಿ ಫಲಿತಾಂಶ ಸಿಗುತ್ತದೆ.

ನಿಯಮಗಳು ನಿಧಾನಕ್ಕೆ ಬಿಗಿಯಾದವು. ಇಂಥ ರಿವ್ಯೂಗಳ ವರದಿ ಹೇಗಿರಬೇಕೆಂದು ಹೇಳುವ ಮಾರ್ಗಸೂಚಿ ಪ್ರಿಸ್ಮಾ. 2009ರ ಪ್ರಿಸ್ಮಾ ಕನಿಷ್ಠ ಒಂದು ಡೇಟಾಬೇಸಿನ ಪೂರ್ಣ ಹುಡುಕಾಟ ತಂತ್ರ ಕೊಡಿ ಎಂದಿತು; 2020ರದ್ದು ಎಲ್ಲದರದ್ದೂ ಬೇಕೆಂದಿತು. 2021ರ ಪ್ರಿಸ್ಮಾ-ಎಸ್ ಹುಡುಕಾಟಕ್ಕೆಂದೇ 16 ಅಂಶಗಳ ಪಟ್ಟಿ ಕೊಟ್ಟಿತು. ಆದರೂ ಗ್ರಂಥಾಲಯಕ್ಕೆ ಬರುವ ಕೋರಿಕೆ ಹಲವು ಸಲ ಪ್ರೋಟೋಕಾಲ್ (ರಿವ್ಯೂನ ಲಿಖಿತ ಯೋಜನೆ) ಮುಗಿದ ಮೇಲಿನದು, ಇಲ್ಲವೇ ಪತ್ರಿಕೆಯ ಪರಿಶೀಲಕರು ತಕರಾರು ತೆಗೆದ ಮೇಲಿನದು. ಆಗ ಕೆಲಸ ದುಪ್ಪಟ್ಟು: ಹುಡುಕಿದ ದಿನಾಂಕ, ಪ್ರತಿ ಸಾಲಿಗೆ ಸಿಕ್ಕ ಲೇಖನಗಳ ಸಂಖ್ಯೆ, ಒಂದಕ್ಕಿಂತ ಹೆಚ್ಚು ಸಲ ಬಂದ ಲೇಖನಗಳನ್ನು ತೆಗೆದುಹಾಕಿದ ಲೆಕ್ಕ ಬರೆದಿಟ್ಟಿರದಿದ್ದರೆ ಹಳೆಯದನ್ನು ರಿಪೇರಿ ಮಾಡುವಂತಿಲ್ಲ, ಮೊದಲ ಸಾಲಿನಿಂದ ಮತ್ತೆ ಕಟ್ಟಿ, ಹೊಸದಾಗಿ ಬಂದ ಲೇಖನಗಳನ್ನೆಲ್ಲ ಇಬ್ಬರು ಮತ್ತೆ ಓದಿ ಆರಿಸಬೇಕು.